ಬೇಸಿಗೆಯಲ್ಲಿ ನೀರು ಹಾಕುವ ಮುಂಚೆ ಮಣ್ಣು ಮುಟ್ಟಿ ನೋಡಿ

ಬೇಸಿಗೆ ಬಂತೆಂದರೆ ಹಿತ್ತಲಿನ ಗಿಡಗಳಿಗಿಂತ ಗಿಡ ಸಾಕಿದವರೇ ಜಾಸ್ತಿ ಬಾಡಿರುತ್ತಾರೆ. ಬೆಳಗ್ಗೆ ಪೈಪು, ಸಂಜೆ ಪೈಪು, ನಡುವೆ ಯಾವುದಾದರೂ ಗಿಡ ತಲೆ ಬಗ್ಗಿಸಿದರೆ ಮತ್ತೊಂದು ಚೊಂಬು ನೀರು. ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಹೋಗಿಯೇ ಬಿಡುತ್ತವೆ. ಗಿಡಗಳ ಜೊತೆಯಲ್ಲೇ ನನ್ನ ತಲೆ ನರೆತಿದೆ, ಆ ಸಲಿಗೆಯಿಂದ ಹೇಳುತ್ತೇನೆ: ಸುರಿಯುವ ನೀರಿನ ಚಿಂತೆ ಸ್ವಲ್ಪ ಬಿಡಿ, ಸುರಿದದ್ದು ಬುಡದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿ.

ಮೊದಲು ಮಧ್ಯಾಹ್ನದ ಬಾಡುವಿಕೆ. ಕುಂಬಳ, ಸೌತೆ, ಬದನೆಯಂಥ ಅಗಲ ಎಲೆಯ ಗಿಡಗಳು ಸುಡುಬಿಸಿಲಲ್ಲಿ ಜೋತು ಬೀಳುತ್ತವೆ. ಬೇರು ಎಳೆದುಕೊಳ್ಳುವ ನೀರಿಗಿಂತ ಎಲೆಯಿಂದ ಹೋಗುವ ನೀರು ಜಾಸ್ತಿಯಾದಾಗ ಹೀಗಾಗುತ್ತದೆ, ಮಣ್ಣಲ್ಲಿ ತೇವ ಇದ್ದರೂ ಆಗುತ್ತದೆ. ಬಿಸಿಲು ಇಳಿದ ಮೇಲೆ ತಾನಾಗೇ ಎದ್ದು ನಿಂತರೆ ನೀವೇನೂ ಮಾಡಬೇಕಿಲ್ಲ. ಬೆಳಗ್ಗೆ ತಂಪು ಹೊತ್ತಿನಲ್ಲೂ ಬಾಡಿಯೇ ಇದ್ದರೆ ತಕ್ಷಣ ಬುಡ ನೋಡಿ. ಬೆರಳನ್ನು 2 ಇಂಚು ಮಣ್ಣೊಳಗೆ ಇಳಿಸಿ. ಒಣಗಿದ್ದರೆ ನೀರು ಬೇಕು. ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು. ಆಗ ಕರುಣೆ ಉಕ್ಕಿ ಇನ್ನೊಂದು ಚೊಂಬು ಸುರಿದಿರೋ, ಅಲ್ಲಿಗೆ ಅದರ ಕಥೆ ಮುಗಿಯಿತು.

ಕಾಟಾಚಾರಕ್ಕೆ ದಿನಾ ಚಿಮುಕಿಸುವುದನ್ನು ಬಿಡಿ. ಮೇಲೆ ಮೇಲೆ ನೆನೆದರೆ ಬೇರೂ ಮೇಲಕ್ಕೇ ಬರುತ್ತದೆ, ಮೇಲಿನ ಮಣ್ಣು ಕಾದಾಗ ಮೊದಲು ಸುಡುವುದೂ ಅದೇ. ಬುಡದ ಸುತ್ತ ಪಾತಿ ಮಾಡಿ, ನಿಧಾನವಾಗಿ ತುಂಬಿಸಿ, ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಬೇರೂರಿದ ಗಿಡವಾದರೆ ಆಮೇಲೆ ಒಂದೆರಡು ದಿನ ಸುಮ್ನೆ ಬಿಡಬಹುದು. ಹೊಸ ಸಸಿಗೆ ಮಾತ್ರ ದಿನವೂ ಕಣ್ಣಿಟ್ಟಿರಬೇಕು.

ಹೊತ್ತು ಯಾವುದು ಅಂದರೆ ಬೆಳಗಿನ ಜಾವವೇ ಸರಿ. ಬಿಸಿಲಲ್ಲಿ ನೀರ ಹನಿ ಬಿದ್ದರೆ ಎಲೆ ಸುಡುತ್ತದೆ ಅಂತ ಹೆದರಿಸುವವರಿದ್ದಾರೆ. ನುಣುಪು ಎಲೆಗೆ ಹಾಗೇನೂ ಆಗುವುದಿಲ್ಲ. ಮಧ್ಯಾಹ್ನ ಬೇಡ ಅನ್ನುವುದು, ಒಂದಷ್ಟು ನೀರು ಸುಮ್ನೆ ಆವಿಯಾಗಿ ಹೋಗುತ್ತದೆ ಅಂತ. ಸಂಜೆಯೇ ಅನುಕೂಲವಾದರೆ ಎಲೆ ನೆನೆಸದೆ ಬುಡಕ್ಕಷ್ಟೇ ಹಾಕಿ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಬೂಷ್ಟು ಹಿಡಿಯುತ್ತದೆ. ಇನ್ನೊಂದು, ಬಿಸಿಲಿಗೆ ಬಿದ್ದಿದ್ದ ಪೈಪಿನೊಳಗೆ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟುಕೊಂಡು, ತಣ್ಣಗಿನ ನೀರು ಬಂದ ಮೇಲೆ ಗಿಡದ ಕಡೆ ತಿರುಗಿಸಿ. ಮಕ್ಕಳ ಕೈಗೆ ಪೈಪು ಕೊಡುವ ಮುಂಚೆಯೂ ಅಷ್ಟೇ.

ಉದುರಿದ ಎಲೆಗಳನ್ನು ಗುಡಿಸಿ ಸುಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೇಸಿಗೆಯಲ್ಲಿ ಆ ತರಗೆಲೆಯೇ ಬಂಗಾರ ಅಲ್ವಾ! ಮಣ್ಣು ಚೆನ್ನಾಗಿ ನೆನೆಸಿ, ಅದರ ಮೇಲೆ 2-3 ಇಂಚು ದಪ್ಪಕ್ಕೆ ಹರಡಿ. ಹುಲ್ಲು, ತೆಂಗಿನ ಸಿಪ್ಪೆ, ಏನಿದೆಯೋ ಅದು. ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಎರಡು ದಿನ ಬಿಟ್ಟು ಮಧ್ಯಾಹ್ನ ಎಲೆ ಸರಿಸಿ ಅಂಗೈ ಇಟ್ಟು ನೋಡಿ, ಪಕ್ಕದ ಬರಿ ನೆಲದ ಮೇಲೂ ಇಟ್ಟು ನೋಡಿ. ಆಮೇಲೆ ಯಾರೂ ನಿಮಗೆ ಬುದ್ಧಿ ಹೇಳಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಮಣ್ಣಿನ ಮಡಕೆಯದು. ಇದು ಹೊಸದೇನಲ್ಲ, 2000 ವರ್ಷಗಳ ಹಿಂದೆಯೇ ಚೀನಾದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಬಣ್ಣ, ಹೊಳಪು ಬಳಿಯದ ಮಡಕೆ ತನ್ನಿ. ನೀರು ತುಂಬಿ ಒಂದು ರಾತ್ರಿ ಇಡಿ, ಹೊರಮೈ ಒದ್ದೆಯಾದರೆ ಅದು ಕೆಲಸಕ್ಕೆ ಬರುತ್ತದೆ. ತೂತಿದ್ದರೆ ಮುಚ್ಚಿ, ಕುತ್ತಿಗೆಯಷ್ಟು ಮೇಲೆ ಕಾಣುವಂತೆ ಹೂತುಬಿಡಿ. ಸುತ್ತ ಗೇಣುದೂರದಲ್ಲಿ ಟೊಮೆಟೊ, ಮೆಣಸಿನಕಾಯಿ ಸಸಿ ನೆಡಿ. ಮಡಕೆ ತುಂಬಿಸಿ, ಬಾಯಿಗೆ ಮುಚ್ಚಳ ಹಾಕಿ. ಮಣ್ಣು ಒಣಗಿದಷ್ಟೂ ಮಡಕೆಯಿಂದ ನೀರು ಎಳೆದುಕೊಳ್ಳುತ್ತದೆ, ಒದ್ದೆಯಿದ್ದಾಗ ಎಳೆಯುವುದು ಕಡಿಮೆಯಾಗುತ್ತದೆ. ಬೆಳೆ ಮುಗಿದ ಮೇಲೆ ಅಗೆದು ತೆಗೆದರೆ ಸಣ್ಣ ಸಣ್ಣ ಬಿಳಿ ಬೇರು ಮಡಕೆಯ ಹೊಟ್ಟೆಗೆ ಬಲೆಯ ಹಾಗೆ ಅಂಟಿಕೊಂಡಿರುತ್ತವೆ. ವರ್ಷಗಟ್ಟಲೆ ಬಳಸಿದ ಮಡಕೆಯ ಸೂಕ್ಷ್ಮ ರಂಧ್ರ ಕಟ್ಟಿಕೊಳ್ಳುತ್ತದೆ, ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗಿಡಿ.

ಕುಂಡದ ಗಿಡಗಳ ಪಾಡು ಬೇರೆ. ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆ ಬಿಟ್ಟಿರುತ್ತದೆ. ನೀವು ಹಾಕಿದ ನೀರು ಆ ಸಂದಿಯಲ್ಲೇ ಜಾರಿ ಕೆಳಗಿನ ತೂತಿನಿಂದ ಹೊರಬರುತ್ತದೆ, ನೀವು ಸಾಕಾಯಿತು ಅಂದುಕೊಳ್ಳುತ್ತೀರಿ. ಒಳಗೆ ಮಾತ್ರ ಧೂಳು. ಅಂಥ ಕುಂಡವನ್ನು ಟಬ್ಬಿನ ನೀರಲ್ಲಿ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ, ನೀರು ಬಸಿಯಲು ಬಿಡಿ. ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ. ಸಿಮೆಂಟ್ ನೆಲದ ಮೇಲಿದ್ದರೆ ಕುಂಡದ ಕೆಳಗೆ ಹಲಗೆ ಕೊಡಿ.

ಬಿರುಬಿಸಿಲಲ್ಲಿ ಗೊಬ್ಬರ ಸುರಿಯಬೇಡಿ, ಕತ್ತರಿಯೂ ಆಡಿಸಬೇಡಿ. ಹರಕು ಎಲೆಯೇ ಆಗಲಿ, ಕಾಂಡಕ್ಕೂ ಕಾಯಿಗೂ ನೆರಳು ಅದೇ. 35 ಡಿಗ್ರಿ ದಾಟಿದಾಗ ಟೊಮೆಟೊ ಹೂ ಉದುರಿಸುತ್ತದೆ. ಅದು ರೋಗವಲ್ಲ, ಔಷಧಿ ಹುಡುಕಬೇಡಿ. ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ, ಉಪ್ಪು ಹಾಕಿ ಬೇಯಿಸಿದ ನೀರು ಬೇಡ.

ಎಲೆಯ ಮೇಲೆ ಸಣ್ಣ ಹಳದಿ ಚುಕ್ಕಿ ಕಂಡರೆ ತಿರುಗಿಸಿ ನೋಡಿ. ಅಡಿಯಲ್ಲಿ ನವಿರಾದ ಜೇಡರ ಬಲೆಯಂಥದ್ದು ಇದ್ದರೆ ಅದು ನುಸಿ. ಒಣ ಹವೆ, ಧೂಳು ಅಂದರೆ ಅದಕ್ಕೆ ಹಬ್ಬ. ಬೆಳಗ್ಗೆ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯಿರಿ, ಎರಡು ದಿನಕ್ಕೊಮ್ಮೆ ಹೀಗೆ ಮಾಡಿದರೆ ಹತೋಟಿಗೆ ಬರುತ್ತದೆ. ಹಕ್ಕಿಗಳಿಗೆ ನೀರಿಡುವವರು ಅಗಲ ತಟ್ಟೆಯಲ್ಲಿ ಕಲ್ಲು ಹಾಕಿ ಇಡಿ, ಜೇನುನೊಣಕ್ಕೂ ಕೂರಲು ಜಾಗ ಸಿಗುತ್ತದೆ. ಆದರೆ ದಿನಾ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆಗೇ ತೊಟ್ಟಿಲು ಕಟ್ಟಿದಂತೆ. ತಂಪು ಹುಡುಕಿಕೊಂಡು ಹಾವು ಚೇಳೂ ಬರುತ್ತವೆ. ಕುಂಡದ ರಾಶಿ, ಇಟ್ಟಿಗೆ ಸಂದಿಗೆ ಕೋಲಿನಿಂದ ಸದ್ದು ಮಾಡದೆ ಕೈ ಹಾಕಬೇಡಿ.

ನಾಲ್ಕು ದಿನ ಊರಿಗೆ ಹೋಗಬೇಕಾದರೆ ಕುಂಡಗಳನ್ನೆಲ್ಲ ನೆರಳಿಗೆ ಸೇರಿಸಿ ಚೆನ್ನಾಗಿ ನೆನೆಸಿ. ನಡುವೆ ಸ್ವಲ್ಪ ಎತ್ತರದಲ್ಲಿ ಮುಚ್ಚಳವಿರುವ ಬಕೆಟ್ ನೀರಿಡಿ. ಹತ್ತಿ ಹಗ್ಗವನ್ನು ಮೊದಲೇ ಒದ್ದೆ ಮಾಡಿ, ಒಂದು ತುದಿ ಬಕೆಟ್ಟಿನ ತಳಕ್ಕೆ ಮುಟ್ಟಲಿ, ಇನ್ನೊಂದು ತುದಿ ಕುಂಡದ ಮಣ್ಣಲ್ಲಿ 2 ಇಂಚು ಹೂತಿರಲಿ. ಪ್ಲಾಸ್ಟಿಕ್ ಹಗ್ಗ ನೀರು ಹೀರುವುದಿಲ್ಲ. ಹೊರಡುವುದಕ್ಕೆ ಎರಡು ದಿನ ಮುಂಚೆಯೇ ಕಟ್ಟಿ, ಬಕೆಟ್ಟಿನಲ್ಲಿ ನೀರು ಎಷ್ಟು ಇಳಿಯುತ್ತದೆ ನೋಡಿಕೊಳ್ಳಿ. ಬೇಗ ಖಾಲಿಯಾಗುವಂತಿದ್ದರೆ ಸಪೂರದ ಹಗ್ಗ ಹಾಕಿ.