ಚಳಿಗಾಲ ಮುಗಿದ ಮೇಲೆ ಲಾನ್ ಮೋವರ್ ಸ್ಟಾರ್ಟ್ ಆಗ್ತಿಲ್ವಾ?

ಅಮೆರಿಕದಲ್ಲಿರುವವರಿಗೆ ಇದು: ಎಷ್ಟು ಹಗ್ಗ ಎಳೆದರೂ ಮೋವರ್ (ಹುಲ್ಲು ಕತ್ತರಿಸುವ ಯಂತ್ರ) ಸ್ಟಾರ್ಟ್ ಆಗದಿದ್ದರೆ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಪೂರ್ತಿ ಬಿಚ್ಚಬೇಡಿ, ತಳದ ಬಟ್ಟಲನ್ನು ಹಿಡಿದಿರುವ ಒಂದೇ ಒಂದು ಬೋಲ್ಟ್ ತೆಗೆದು ನೋಡಿ. ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ ಹಲವು ಎಂಜಿನ್‌ಗಳಲ್ಲಿ ಆ ಬೋಲ್ಟೇ ಜೆಟ್, ಪೆಟ್ರೋಲ್ ಮೇಲೆ ಹೋಗುವುದು ಅದರ ಸೂಜಿಮೊನೆಯಷ್ಟು ತೂತಿನಿಂದ. ಅಲ್ಲಿನ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ 10% ಎಥನಾಲ್ ಇರುತ್ತದೆ, ಅದು ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಸುಮ್ನೆ ನಿಂತ ಪೆಟ್ರೋಲ್ ಅಂಟಾಗಿ ತೂತು ಕಟ್ಟಿಕೊಳ್ಳುತ್ತದೆ. ತಾಮ್ರದ ವಯರ್‌ನ ಒಂದು ಎಳೆ ತೂರಿಸಿ, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಹೊಸ ಪೆಟ್ರೋಲ್ ಹಾಕಿ. ಸ್ಟೀಲ್ ಸೂಜಿ ಬೇಡ, ತೂತು ದೊಡ್ಡದಾಗುತ್ತದೆ. ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್‌ನ ವಯರ್ ಕಿತ್ತಿಡಿ, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಕೆಳಗೆ ಒಂದು ಡಬ್ಬ ಇಡಿ, ಪೆಟ್ರೋಲ್ ಸುರಿಯುತ್ತದೆ. ಬೋಲ್ಟಿನಲ್ಲಿ ತೂತೇ ಇಲ್ಲದಿದ್ದರೆ ಜೆಟ್ ಒಳಗಿದೆ, ಬಟ್ಟಲನ್ನೂ ತೆಗೆದು ಒಳಗೆ ನೋಡಲೇಬೇಕು. ಪ್ಲಗ್‌ನಲ್ಲಿ ಕಿಡಿಯೇ ಬರದಿದ್ದರೆ ಇದರಿಂದ ಏನೂ ಪ್ರಯೋಜನವಿಲ್ಲ.