ಸಮುದ್ರದಿಂದ ಸಮುದ್ರಕ್ಕೆ: ಹನ್ನೆರಡು ಜನರ ಸಹಾಯಾರ್ಥ ಸೈಕಲ್ ಸವಾರಿ ಕಟ್ಟುವುದು ಹೇಗೆ?

ಉತ್ತರ ಇಂಗ್ಲೆಂಡಿನಲ್ಲಿ ಐರಿಷ್ ಸಮುದ್ರದ ದಡದಿಂದ ಉತ್ತರ ಸಮುದ್ರದ ದಡದವರೆಗೆ ಒಂದು ಸೈಕಲ್ ದಾರಿ ಇದೆ. ಹೆಸರು ‘ಸಿ ಟು ಸಿ’. ಸಸ್ಟ್ರಾನ್ಸ್ ಸಂಸ್ಥೆ 1994ರಲ್ಲಿ ತೆರೆದ ಈ ದಾರಿಯ ಉದ್ದ ಸುಮಾರು 140 ಮೈಲಿ, ಅಂದರೆ 225 ಕಿ.ಮೀ. ವೈಟ್‌ಹೇವನ್ ಬಂದರಿನಲ್ಲಿ ಹಿಂದಿನ ಚಕ್ರವನ್ನು ಕಡಲ ನೀರಿಗೆ ಮುಟ್ಟಿಸಿ ಹೊರಟು, ಸಂಡರ್‌ಲ್ಯಾಂಡ್ ಅಥವಾ ಟೈನ್‌ಮತ್‌ನಲ್ಲಿ ಮುಂದಿನ ಚಕ್ರ ಅದ್ದುವುದು ಸವಾರರ ರೂಢಿ. ಆಸ್ಪತ್ರೆಗೆ, ಶಾಲೆಗೆ, ರೋಗಿಗಳ ಸಂಘಕ್ಕೆ ಹಣ ಕೂಡಿಸಲು ಗೆಳೆಯರು, ಸಹೋದ್ಯೋಗಿಗಳು ಗುಂಪು ಕಟ್ಟಿಕೊಂಡು ಈ ದಾರಿ ಹಿಡಿಯುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರು ಇಂಥದ್ದೊಂದು ಸವಾರಿ ಆಯೋಜಿಸಬೇಕೆಂದಿದ್ದರೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ದೂರ, ವೇಗ, ಊಟ, ಗೇರು, ಎಲ್ಲದರ ಲೆಕ್ಕವೂ ಗುಂಪಿನ ಕೊನೆಯ ಸವಾರರಿಂದ ಶುರುವಾಗಬೇಕು. ಮುಂದೆ ಓಡುವವರನ್ನು ನೋಡಿಕೊಂಡು ಹಾಕಿದ ಯೋಜನೆ ಮೊದಲ ದಿನದ ಮಧ್ಯಾಹ್ನಕ್ಕೇ ಕುಸಿಯುತ್ತದೆ.

ಮೊದಲು ಹಣದ ದಾರಿ

ಸವಾರಿಗೆ ಐದಾರು ತಿಂಗಳು ಮುಂಚೆ ಯಾರಿಗಾಗಿ ಹಣ ಎತ್ತುತ್ತೀರಿ ಎಂಬುದನ್ನು ನಿಶ್ಚಯಿಸಿ. ಸಂಸ್ಥೆಯ ಹೆಸರು ಚಾರಿಟಿ ಕಮಿಷನ್ನಿನ ನೋಂದಣಿ ಪಟ್ಟಿಯಲ್ಲಿದೆಯೇ ಎಂದು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆ ಸಂಸ್ಥೆಗೆ ಒಂದು ಪತ್ರ ಬರೆದು ತಿಳಿಸಿಬಿಡಿ. ಸಾಮಾನ್ಯವಾಗಿ ಅವರೇ ಹಣ ಸಂಗ್ರಹದ ಸಾಮಗ್ರಿ ಕಳಿಸುತ್ತಾರೆ. ಈ ದಾರಿಯ ಬೆಟ್ಟಗಳ ಮೇಲೆ ಹಾರುವ ಗ್ರೇಟ್ ನಾರ್ತ್ ಏರ್ ಆಂಬುಲೆನ್ಸ್ ಕೂಡ ಜನರ ದೇಣಿಗೆಯನ್ನು ನೆಚ್ಚಿಕೊಂಡ ಸೇವೆಯೇ.

ಬ್ರಿಟನ್ನಿನಲ್ಲಿ ‘ಗಿಫ್ಟ್ ಏಡ್’ ಎಂಬ ಅನುಕೂಲವಿದೆ. ದೇಣಿಗೆ ಕೊಡುವವರು ಅಲ್ಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅವರು ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸ್‌ನಂತೆ ಸರ್ಕಾರದಿಂದ ಸಂಸ್ಥೆಗೆ ಹೆಚ್ಚುವರಿ ಸಿಗುತ್ತದೆ. ಕಾಗದದ ಫಾರಂ ಬಳಸುವುದಾದರೆ ದಾನಿಯ ಪೂರ್ಣ ಹೆಸರು, ಪೋಸ್ಟ್‌ಕೋಡ್ ಸಹಿತ ಮನೆಯ ವಿಳಾಸ, ಮೊತ್ತ, ಕೊಟ್ಟ ತಾರೀಕು, ಜೊತೆಗೆ ಗಿಫ್ಟ್ ಏಡ್ ಚೌಕದಲ್ಲಿ ಗುರುತು, ಇಷ್ಟೂ ಇರಬೇಕು. ಆಫೀಸಿನ ವಿಳಾಸ ಬರೆದುಬಿಡುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ಆ ಕಾಲು ಪೌಂಡು ಕೈತಪ್ಪುತ್ತದೆ.

ವ್ಯಾನಿನ ಬಾಡಿಗೆ, ಕೋಣೆ, ಊಟ ಇವುಗಳ ಖರ್ಚನ್ನು ಸವಾರರೇ ಭರಿಸಬೇಕು. ಅದಕ್ಕೆ ಬೇರೆಯೇ ಖಾತೆ ತೆರೆಯಿರಿ. ದೇಣಿಗೆಯ ಹಣದಲ್ಲಿ ಒಂದು ಕಾಫಿಯ ಬಿಲ್ಲೂ ಸೇರಕೂಡದು. ಐದು ಪೌಂಡ್ ಕೊಟ್ಟ ಅಜ್ಜಿ ನಿಮ್ಮ ರಜೆಗೆಂದು ಕೊಟ್ಟಿರುವುದಿಲ್ಲ.

ವೇಗದ ಲೆಕ್ಕ

ಸವಾರಿಗೆ ಹತ್ತು ವಾರ ಮುಂಚೆ ಎಲ್ಲರನ್ನೂ ಏರಿಳಿತವಿರುವ 50 ಕಿ.ಮೀ. ದಾರಿಗೆ ಕರೆದೊಯ್ಯಿರಿ. ಕೊನೆಗೆ ಬಂದವರು ತೆಗೆದುಕೊಂಡ ಸಮಯ ಬರೆದಿಟ್ಟುಕೊಳ್ಳಿ. ಅವರ ವೇಗ ಗಂಟೆಗೆ 13 ಕಿ.ಮೀ. ಎಂದುಕೊಳ್ಳಿ. ಮೊದಲ ದಿನ ವೈಟ್‌ಹೇವನ್‌ನಿಂದ ಕೆಸಿಕ್ ಮೇಲೆ ಪೆನ್‌ರಿತ್‌ವರೆಗೆ ಸುಮಾರು 80 ಕಿ.ಮೀ. ಅಂದರೆ ಪೆಡಲಿನ ಮೇಲೆಯೇ ಆರು ಗಂಟೆಗೂ ಮಿಕ್ಕಿ. ಊಟಕ್ಕೆ 45 ನಿಮಿಷ, ಎರಡು ಸಣ್ಣ ವಿರಾಮಕ್ಕೆ 40, ಪಂಚರ್ರಿಗೆಂದು ಅರ್ಧ ಗಂಟೆ ಸೇರಿಸಿದರೆ ಎಂಟು ಗಂಟೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಸಂಜೆ ನಾಲ್ಕೂವರೆಗೆ ತಲುಪಬಹುದು. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುವುದರಿಂದ ತಡವಾದರೂ ಗಾಬರಿಯಿಲ್ಲ.

ಎರಡನೆಯ ದಿನ ಪೆನ್‌ರಿತ್‌ನಿಂದ ಅಲೆನ್‌ಹೆಡ್ಸ್ ಸುಮಾರು 55 ಕಿ.ಮೀ. ಮಾತ್ರ. ಕಡಿಮೆ ಎಂದು ಯಾರೂ ಮೂಗು ಮುರಿಯಬಾರದು. ಪೆನ್ನೈನ್ ಬೆಟ್ಟಸಾಲನ್ನು ದಾಟುವುದು ಆ ದಿನವೇ. 580 ಮೀಟರ್ ಎತ್ತರದ ಹಾರ್ಟ್‌ಸೈಡ್, ನಂತರ ನೆಂಟ್‌ಹೆಡ್ ಆಚೆಯ 609 ಮೀಟರಿನ ಬ್ಲ್ಯಾಕ್ ಹಿಲ್. ಮೂರನೆಯ ದಿನ ಸ್ಟ್ಯಾನ್‌ಹೋಪ್ ಊರಿನಾಚೆ ಕ್ರಾಲಿಸೈಡ್ ಎಂಬ ಗೋಡೆಯಂಥ ಏರು. ಅದು ಮುಗಿದರೆ ಹಳೆಯ ರೈಲು ಹಳಿಯ ಜಾಗದಲ್ಲಿ ಮಾಡಿದ ವಾಸ್ಕರ್ಲಿ ದಾರಿ ಸಿಗುತ್ತದೆ, ಕಾನ್ಸೆಟ್‌ವರೆಗೆ ನಿಧಾನವಾದ ಇಳಿಜಾರು.

ಪಶ್ಚಿಮದಿಂದ ಪೂರ್ವಕ್ಕೇ ಹೋಗಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಬೆನ್ನಿಗೆ ಬಲ ಸಿಗುತ್ತದೆ. ಇದಕ್ಕೊಂದು ಅಪವಾದ ಉಂಟು. ಹಾರ್ಟ್‌ಸೈಡ್ ಪಕ್ಕದ ಕ್ರಾಸ್ ಫೆಲ್ ಇಳಿಜಾರಿನಿಂದ ‘ಹೆಲ್ಮ್ ವಿಂಡ್’ ಎಂಬ ಈಶಾನ್ಯದ ಗಾಳಿ ಕೆಳಗೆ ನುಗ್ಗುತ್ತದೆ. ಬ್ರಿಟನ್ನಿನಲ್ಲಿ ಸ್ವಂತ ಹೆಸರು ಪಡೆದ ಗಾಳಿ ಇದೊಂದೇ. ಅದು ಎದ್ದ ದಿನ ಏರಿನ ಉದ್ದಕ್ಕೂ ಎದುರುಗಾಳಿ. ಹವಾಮಾನ ವರದಿಯಲ್ಲಿ ಜೋರು ಈಶಾನ್ಯ ಗಾಳಿ ಎಂದಿದ್ದರೆ ಆ ದಿನದ ಲೆಕ್ಕಕ್ಕೆ ಒಂದೂವರೆ ಗಂಟೆ ಕೂಡಿಸಿಬಿಡಿ.

ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ 1:50,000 ನಕ್ಷೆಯಲ್ಲಿ ರಸ್ತೆಯ ಮೇಲೆ ಸಣ್ಣ ಬಾಣದ ಗುರುತುಗಳಿರುತ್ತವೆ. ಒಂಟಿ ಬಾಣವಿದ್ದರೆ ಏರು ಶೇ 14ರಿಂದ 20. ಜೋಡಿ ಬಾಣವಿದ್ದರೆ ಅದಕ್ಕೂ ಕಡಿದು. ಜೋಡಿ ಬಾಣ ಕಂಡಲ್ಲಿ ‘ಇಲ್ಲಿ ಇಳಿದು ತಳ್ಳಬಹುದು’ ಎಂದು ಮೊದಲೇ ಎಲ್ಲರಿಗೂ ಹೇಳಿಬಿಡಿ. ಇಳಿದು ತಳ್ಳಲು ನಾಚಿ ಮಂಡಿ ಹಾಳುಮಾಡಿಕೊಳ್ಳುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ.

ಸೈಕಲ್

ಹೊಸ ಸೈಕಲ್ ಬೇಕಿಲ್ಲ, ಸರಿಯಾದ ಗೇರ್ ಬೇಕು. ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರವೂ ಒಂದೇ ಸುತ್ತು. ಈ ದಾರಿಗೆ ಇದು ಕನಿಷ್ಠ. ಸಾಮಾನು ಹೇರಿಕೊಂಡು ಹೋಗುವವರಿಗೆ ಇದಕ್ಕಿಂತ ಹಗುರ ಗೇರ್ ಇರಲಿ. ಟೈರ್ ಅಗಲ 32 ಮಿ.ಮೀ. ಒಳ್ಳೆಯದು. 75 ಕೆ.ಜಿ. ತೂಕದವರು ಮುಂದೆ 55, ಹಿಂದೆ 60 ಪಿಎಸ್‌ಐ ಆಸುಪಾಸು ಗಾಳಿ ಹಾಕಿ ನೋಡಿ.

ಒಬ್ಬೊಬ್ಬರ ಬಳಿ ಎರಡು ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚ್, ಪಂಪು, ಮಲ್ಟಿ ಟೂಲ್. ಗುಂಪಿಗೆ ಚೈನ್ ಕತ್ತರಿಸುವ ಉಪಕರಣ ಮತ್ತು ಜೋಡಿಸುವ ಕ್ವಿಕ್ ಲಿಂಕ್. ಹತ್ತು ಗೇರಿನ ಲಿಂಕ್ ಹನ್ನೊಂದು ಗೇರಿನ ಚೈನಿಗೆ ಕೂರುವುದಿಲ್ಲ, ಹಾಗಾಗಿ ಯಾರ ಸೈಕಲ್ಲಿಗೆ ಯಾವುದು ಎಂದು ಪಟ್ಟಿ ಮಾಡಿ. ಹಿಂದಿನ ಗೇರ್ ನೇತಾಡುವ ಹ್ಯಾಂಗರ್ ಸೈಕಲ್ ಬಿದ್ದಾಗ ಮೊದಲು ಬಾಗುವ ಭಾಗ, ಮತ್ತು ಪ್ರತಿ ಫ್ರೇಮಿಗೂ ಅದು ಬೇರೆ. ಬೆಟ್ಟದ ಊರುಗಳಲ್ಲಿ ನಿಮ್ಮದೇ ಹ್ಯಾಂಗರ್ ಸಿಗುತ್ತದೆಂದು ನಂಬಬೇಡಿ, ಒಂದು ಜೇಬಿನಲ್ಲಿರಲಿ.

ಸೆಪ್ಟೆಂಬರ್ ನಂತರದ ಸವಾರಿಯಾದರೆ ಮುಳ್ಳಿನ ಕಾಟ ಜಾಸ್ತಿ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಅಲ್ಲಿನ ರೈತರು ಬೇಲಿ ಸವರುವಂತಿಲ್ಲ; ಆಮೇಲೆ ಸವರಿದ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳು ರಸ್ತೆಗೆ ಚೆಲ್ಲುತ್ತದೆ.

ಪಂಚರ್ ಹಾಕುವುದು

ಟ್ಯೂಬ್ ಬದಲಾಯಿಸಿದ ಐದೇ ನಿಮಿಷಕ್ಕೆ ಮತ್ತೆ ಗಾಳಿ ಇಳಿಯಿತೆಂದರೆ ಬಹುತೇಕ ಕಾರಣ ಒಂದೇ: ಮುಳ್ಳು ಇನ್ನೂ ಟೈರಿನಲ್ಲೇ ಇದೆ. ಮನೆಯಲ್ಲಿ ಟೈರ್ ಹಾಕುವಾಗಲೇ ಅದರ ಮೇಲಿನ ಕಂಪನಿಯ ಹೆಸರು ವಾಲ್ವ್‌ನ ನೇರಕ್ಕೆ ಬರುವಂತೆ ಕೂರಿಸಿದರೆ ಮುಳ್ಳನ್ನು ಹುಡುಕುವುದು ಸುಲಭ.

1. ಎಲ್ಲರೂ ರಸ್ತೆ ಬಿಟ್ಟು ಗೇಟಿನ ಬಳಿಯೋ ಹುಲ್ಲಿನ ಮೇಲೋ ನಿಲ್ಲಿ. ಹಿಂದಿನ ಚಕ್ರವಾದರೆ ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು ಆಮೇಲೆ ಚಕ್ರ ಬಿಚ್ಚಿ.
2. ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ. ಕಿವಿಗೆ ಕೇಳದ ಸಣ್ಣ ಸೋರಿಕೆಯೂ ಕೆನ್ನೆಗೆ ತಣ್ಣಗೆ ತಾಗುತ್ತದೆ.
3. ವಾಲ್ವ್‌ನಿಂದ ತೂತು ಎಷ್ಟು ಗೇಣು ದೂರವಿದೆಯೋ ಟೈರಿನ ಹೆಸರಿನಿಂದ ಅಷ್ಟೇ ದೂರದಲ್ಲಿ, ಎರಡೂ ಕಡೆ ನೋಡಿ. ಒಳಗಡೆ ಬೆರಳು ಮೆಲ್ಲಗೆ ಸವರಿ. ಮುಳ್ಳಿನ ಮೊನೆ ಚುಚ್ಚುತ್ತದೆ. ಅದನ್ನು ಒಳಗಿನಿಂದ ಹೊರಕ್ಕೆ ತಳ್ಳಿ. ಅಕ್ಕಪಕ್ಕ ಎರಡು ತೂತು ಇದ್ದರೆ ಅದು ಮುಳ್ಳಲ್ಲ, ಗಾಳಿ ಕಡಿಮೆಯಾಗಿ ರಿಮ್ಮಿಗೆ ಟ್ಯೂಬ್ ಸಿಕ್ಕಿ ಹರಿದದ್ದು.
4. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ. ಟೈರಿನ ಅಂಚನ್ನು ವಾಲ್ವ್‌ನ ಎದುರು ಭಾಗದಿಂದ ಕೂರಿಸುತ್ತಾ ಬಂದು ವಾಲ್ವ್ ಬಳಿ ಮುಗಿಸಿ. ಕೊನೆಯ ಗೇಣಿಗೆ ಲಿವರ್ ಹಾಕಿದರೆ ಹೊಸ ಟ್ಯೂಬೇ ಕಚ್ಚಿಹೋಗುತ್ತದೆ. ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತುತ್ತಾ ಬನ್ನಿ, ಬೇಕಾದಷ್ಟು ಸಡಿಲ ಸಿಗುತ್ತದೆ.
5. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಅರ್ಧ ಗಾಳಿ ಹಾಕಿ ಸುತ್ತಲೂ ಟ್ಯೂಬ್ ಇಣುಕುತ್ತಿಲ್ಲವೆಂದು ನೋಡಿ, ಆಮೇಲೆ ಪೂರ್ತಿ ತುಂಬಿ.

ಗುಂಪು ಚದುರದಂತೆ

ಕವಲುದಾರಿಯಲ್ಲಿ ಹಿಂದಿನವರು ತಪ್ಪು ರಸ್ತೆಗೆ ಹೋಗುವುದು ಇಂಥ ಸವಾರಿಗಳ ದೊಡ್ಡ ತಲೆನೋವು. ಇದಕ್ಕೊಂದು ಗಟ್ಟಿ ಉಪಾಯವಿದೆ. ದಾರಿ ಬಲ್ಲ ಒಬ್ಬರು ಸದಾ ಮುಂದೆ, ಅನುಭವವಿರುವ ಇನ್ನೊಬ್ಬರು ಸದಾ ಕೊನೆಗೆ. ಕೊನೆಯವರಿಗೆ ಎದ್ದು ಕಾಣುವ ಬಣ್ಣದ ಜಾಕೆಟ್. ತಿರುವು ಬಂದಾಗ ಎರಡನೆಯ ಸ್ಥಾನದಲ್ಲಿರುವವರು ಅಲ್ಲೇ ಸುರಕ್ಷಿತವಾಗಿ ನಿಂತು ದಿಕ್ಕು ತೋರಿಸುತ್ತಾರೆ. ಕೊನೆಯ ಜಾಕೆಟ್ ಕಾಣುವವರೆಗೆ ಅವರು ಕದಲಬಾರದು, ಅದು ಕಂಡ ಮೇಲೆ ಅದರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಮತ್ತೊಬ್ಬರು. ‘ಎಲ್ಲರೂ ಹೋದರು ಅನ್ನಿಸಿತು’ ಎಂದು ನಿಂತವರು ಹೊರಟುಬಿಟ್ಟರೆ ಮಾತ್ರ ಇದು ಕೆಡುತ್ತದೆ. ವಿರಾಮದ ಜಾಗದಲ್ಲಿ ಕೊನೆಯವರು ಬಂದ ಕೂಡಲೇ ಮುಂದಿನವರು ಹೊರಡುವುದನ್ನೂ ನಿಲ್ಲಿಸಿ. ತಡವಾಗಿ ಬಂದವರಿಗೆ ಆಗ ವಿಶ್ರಾಂತಿಯೇ ಇಲ್ಲದಂತಾಗುತ್ತದೆ. ಅವರು ಬಂದು ಹತ್ತು ನಿಮಿಷ ಕುಳಿತ ಮೇಲೇ ಎಲ್ಲರೂ ಏಳಬೇಕು.

ಹನ್ನೆರಡು ಜನರನ್ನು ಆರಾರಾಗಿ ಒಡೆದು ನಡುವೆ ಕಾರು ನುಗ್ಗುವಷ್ಟು ಜಾಗ ಬಿಡಿ. ಅಲ್ಲಿನ ರಸ್ತೆ ನಿಯಮಗಳ ಕೈಪಿಡಿ ‘ಹೈವೇ ಕೋಡ್’ ಪ್ರಕಾರ ಇಬ್ಬರು ಜೊತೆಜೊತೆಯಾಗಿ ಹೋಗಬಹುದು, ಆದರೆ ಎತ್ತರದ ಬೇಲಿಗಳ ನಡುವಿನ ಕಿರುದಾರಿಯಲ್ಲಿ ಸಾಲಾಗಿ ಹೋಗುವುದೇ ಲೇಸು. ಕೂಗುವ ಮಾತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ‘ಕಾರ್ ಅಪ್’ ಎಂದರೆ ಕೆಲವು ಕಡೆ ಮುಂದಿನಿಂದ, ಇನ್ನು ಕೆಲವು ಕಡೆ ಹಿಂದಿನಿಂದ ಬರುವ ಕಾರು. ‘ಮುಂದೆ ಗಾಡಿ’, ‘ಹಿಂದೆ ಗಾಡಿ’ ಎಂದು ಕನ್ನಡದಲ್ಲೇ ಕೂಗಿದರೆ ಗೊಂದಲವಿಲ್ಲ, ಗುಂಪಿನಲ್ಲಿ ಎಲ್ಲರಿಗೂ ಕನ್ನಡ ಬರುವುದಾದರೆ.

ಕುದುರೆ ಕಂಡರೆ ದೂರದಿಂದಲೇ ಮಾತಾಡಿಸಿ, ವೇಗ ಇಳಿಸಿ, ಬಲಗಡೆಯಿಂದ ಸಾಕಷ್ಟು ಜಾಗ ಬಿಟ್ಟು ದಾಟಿ. ಬಯಲಿನಲ್ಲಿ ರಸ್ತೆಯ ಒಂದು ಬದಿಗೆ ತಾಯಿ ಕುರಿ, ಇನ್ನೊಂದು ಬದಿಗೆ ಮರಿ ಇದ್ದರೆ ಮರಿ ಅಡ್ಡ ಓಡುತ್ತದೆ ಎಂದೇ ತಿಳಿಯಿರಿ. ದನ ದಾಟದಂತೆ ರಸ್ತೆಗೆ ಹಾಕಿರುವ ಕಬ್ಬಿಣದ ಸರಳುಗಳ ಮೇಲೆ ನೇರವಾಗಿ ಹೋಗಿ; ಅಲ್ಲಿ ಬ್ರೇಕ್ ಒತ್ತಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಮಳೆಯಾಗಿದ್ದರೆ ಇಳಿದು ನಡೆಯಿರಿ.

ಯಾರು ಮೊದಲು ಬಂದರು ಎಂದು ಸಮಯ ಅಳೆದು ಘೋಷಿಸಬೇಡಿ. ಅಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ಸೈಕಲ್ ರೇಸ್ ಅಪರಾಧ. ಸೈಕಲ್ ಸವಾರರ ಸಂಸ್ಥೆ ಸೈಕ್ಲಿಂಗ್ ಯುಕೆಯ ಸದಸ್ಯತ್ವ ಪಡೆದರೆ ಥರ್ಡ್ ಪಾರ್ಟಿ ವಿಮೆಯೂ ಜೊತೆಗೆ ಬರುತ್ತದೆ.

ಹೊಟ್ಟೆ, ಚಳಿ, ವ್ಯಾನು

ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್), ಅರ್ಧದಿಂದ ಮುಕ್ಕಾಲು ಲೀಟರ್ ನೀರು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಜಾಮ್ ಸವರಿ ಸುತ್ತಿದ ಚಪಾತಿ, ಶೇಂಗಾ ಚಿಕ್ಕಿ ಬೆನ್ನ ಜೇಬಿನಲ್ಲಿ ಚೆನ್ನಾಗಿ ಕೂರುತ್ತವೆ. ಹಸಿವಾಗುವ ಮೊದಲೇ ತಿನ್ನಿ. ಹಾರ್ಟ್‌ಸೈಡ್ ತುದಿಯ ಹೆಸರಾಂತ ಕೆಫೆ 2018ರಲ್ಲಿ ಸುಟ್ಟುಹೋಯಿತು. ಹಳೆಯ ಕೈಪಿಡಿ ನಂಬಿ ಬರಿಗೈಲಿ ಏರಬೇಡಿ, ಕೆಳಗಿನ ಲ್ಯಾಂಗ್‌ವದ್‌ಬಿಯಲ್ಲೇ ನೀರು, ತಿಂಡಿ ತುಂಬಿಕೊಳ್ಳಿ. ಹಳ್ಳಿಯ ಪಬ್‌ಗಳಲ್ಲಿ ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚುವುದುಂಟು. ಹನ್ನೆರಡು ಜನ ಬರುತ್ತೇವೆಂದು ಹಿಂದಿನ ದಿನವೇ ಫೋನ್ ಮಾಡಿ.

ಏರಿನಲ್ಲಿ ಬೆವೆತ ಮೈಗೆ ಇಳಿಜಾರಿನ ಗಾಳಿ ಹೊಡೆದರೆ ಐದು ನಿಮಿಷದಲ್ಲಿ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ಜೂನ್ ಆದರೂ ಅಷ್ಟೇ. ಜಾಕೆಟ್, ಕೈಗವಸು ತುದಿಯಲ್ಲೇ ಹಾಕಿಕೊಳ್ಳಿ. ರಿಮ್ ಬ್ರೇಕಿನವರು ಮಳೆಯಲ್ಲಿ ತಿರುವಿಗೆ ಮುಂಚೆಯೇ ಮೆಲ್ಲಗೆ ಒತ್ತುತ್ತಿರಬೇಕು, ಏಕೆಂದರೆ ಮೊದಲ ಕೆಲವು ಸುತ್ತು ಬ್ರೇಕ್ ರಿಮ್ಮಿನ ನೀರು ಒರೆಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಅಲ್ಲಿನ ಲೋಕಲ್ ರೈಲುಗಳಲ್ಲಿ ಸಾಮಾನ್ಯವಾಗಿ ಎರಡೇ ಸೈಕಲ್ಲಿಗೆ ಜಾಗ. ಹಾಗಾಗಿ ವ್ಯಾನ್ ಬೇಕೇ ಬೇಕು. ಅದು ಗುಂಪಿನ ಬೆನ್ನಿಗೆ ತೆವಳುತ್ತಾ ಬಂದರೆ ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ, 15–20 ಕಿ.ಮೀ. ಮುಂದೆ ಹೋಗಿ ಕಾಯಲಿ. ಅದರಲ್ಲಿ ದೊಡ್ಡ ಪಂಪು, ಹೆಚ್ಚುವರಿ ಚಕ್ರ, 20 ಲೀಟರ್ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕಂಬಳಿ ಇರಲಿ. ಉಬ್ಬಸ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳ ವಿವರ ಮತ್ತು ಮನೆಯವರ ಫೋನ್ ನಂಬರ್ ಬರೆದ ಚೀಟಿಯನ್ನು ಪ್ರತಿಯೊಬ್ಬರೂ ಮುಚ್ಚಿದ ಲಕೋಟೆಯಲ್ಲಿ ಕೊಡಲಿ.

ಬೆಟ್ಟದ ಮೇಲೆ ಫೋನ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮಾತಾಡಲು ಸಾಲದ ಸಿಗ್ನಲ್ಲಿನಲ್ಲೂ ಎಸ್ಸೆಮ್ಮೆಸ್ ಹೋಗಬಹುದು. ಬ್ರಿಟನ್ನಿನ ಸಿಮ್ ಇರುವವರು ಮನೆ ಬಿಡುವ ಮೊದಲೇ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದವನ್ನು ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕಳಿಸಿ, ಬರುವ ಸೂಚನೆಯಂತೆ ನೋಂದಾಯಿಸಿಕೊಂಡಿರಬೇಕು. ನೋಂದಾಯಿಸದ ಫೋನಿನಿಂದ ಕಳಿಸಿದ ತುರ್ತು ಸಂದೇಶದಿಂದ ಪ್ರಯೋಜನವಿಲ್ಲ.

ಕೊನೆಯ ಹತ್ತು ಕಿಲೋಮೀಟರ್

ಸಂಡರ್‌ಲ್ಯಾಂಡ್ ಸಮೀಪಿಸುತ್ತಿದ್ದಂತೆ ಕಾಲು ಗಟ್ಟಿಯಿರುವವರು ಮುಂದೆ ಹಾರುತ್ತಾರೆ. ಅದಕ್ಕೆ ಅವಕಾಶ ಕೊಡಬೇಡಿ. ದಡಕ್ಕೆ ಒಂದು ಕಿ.ಮೀ. ಇರುವಾಗ ಎಲ್ಲರನ್ನೂ ನಿಲ್ಲಿಸಿ, ಕೊನೆಯ ಸವಾರರನ್ನು ಮುಂದೆ ಬಿಟ್ಟು ಅವರ ವೇಗದಲ್ಲೇ ಹನ್ನೆರಡೂ ಜನ ನೀರಿನವರೆಗೆ ಬನ್ನಿ. ದೇಣಿಗೆಯ ಪುಟವನ್ನು ಅಂದೇ ಮುಚ್ಚಬೇಡಿ. ಚಕ್ರ ಅದ್ದಿದ ಫೋಟೊ ನೋಡಿದ ಮೇಲೆ ಕೊಡುವವರೂ ಇರುತ್ತಾರೆ. ಉಪ್ಪುನೀರು ಮುಟ್ಟಿದ ಚಕ್ರ, ಚೈನುಗಳನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ, ಎಣ್ಣೆ ಬಿಟ್ಟು ಆಮೇಲೆ ವ್ಯಾನಿಗೆ ಏರಿಸಿ.