ನೂರು ಮೈಲಿಯ ಕಾಡಿಗೆ ಮಂಗಳೂರಿನಿಂದ ಹೊರಡುವವರಿಗೆ

ಅಪಲಾಚಿಯನ್ ಟ್ರೇಲ್ ಅಮೆರಿಕದ ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹೋಗುವ ಸುಮಾರು 3,500 ಕಿ.ಮೀ. ಕಾಲುದಾರಿ. ಅದನ್ನು ಪೂರ್ತಿ ನಡೆಯುವಷ್ಟು ರಜೆ ಯಾರಿಗೆ ಸಿಗುತ್ತದೆ? ಆದರೆ ಉತ್ತರದ ತುದಿಯಲ್ಲಿ, ಮಾನ್ಸನ್ ಎಂಬ ಸಣ್ಣ ಊರಿನಿಂದ ಅಬೋಲ್ ಬ್ರಿಜ್‌ವರೆಗಿನ ಸುಮಾರು 160 ಕಿ.ಮೀ. ಮಾತ್ರ ನಡೆಯಬಹುದು. ಎಂಟರಿಂದ ಹತ್ತು ದಿನ ಬೇಕು. ಹಂಡ್ರೆಡ್ ಮೈಲ್ ವೈಲ್ಡರ್‌ನೆಸ್ ಅಂತ ಅದರ ಹೆಸರು. ನಡುವೆ ಊರಿಲ್ಲ, ಅಂಗಡಿಯಿಲ್ಲ, ಮರ ಸಾಗಿಸುವ ಮಣ್ಣಿನ ರಸ್ತೆಗಳು ಅಲ್ಲಲ್ಲಿ ಅಡ್ಡ ಸಿಗುತ್ತವೆ ಅಷ್ಟೇ. ಹತ್ತು ದಿನದ ಸಾಮಾನಿಲ್ಲದೆ ಒಳಗೆ ಹೋಗಬೇಡಿ ಅಂತ ದಾರಿ ಶುರುವಾಗುವಲ್ಲೇ ಬೋರ್ಡ್ ಇದೆ.

ಆಟಿ ತಿಂಗಳ ಮಳೆ ನೋಡಿದವರಿಗೆ ಮಳೆಯ ಭಯ ಇರುವುದಿಲ್ಲ ಅಲ್ವಾ? ಅಲ್ಲಿಗೆ ಹೋಗುವಾಗ ಆ ಧೈರ್ಯ ಬೇಡ. ಇಲ್ಲಿ ಇಡೀ ದಿನ ನೆನೆದರೂ ಮನೆಗೆ ಬಂದು ತಲೆ ಒರೆಸಿಕೊಂಡರೆ ಆಯಿತು. ಅಲ್ಲಿ ಬೇಸಿಗೆಯಲ್ಲೂ ಮಳೆ, ಗಾಳಿ ಒಟ್ಟಿಗೆ ಬಂದು 10 ಡಿಗ್ರಿ ಆಸುಪಾಸಿಗೆ ಇಳಿದರೆ ಒದ್ದೆ ಮೈಯ ಬಿಸಿ ಬೇಗ ಹೋಗುತ್ತದೆ. ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ. ಜೊತೆಗಿರುವವರಲ್ಲಿ ಇದು ಕಂಡ ಕೂಡಲೇ ನಿಲ್ಲಿ, ಟೆಂಟ್ ಹಾಕಿ, ಒಣ ಬಟ್ಟೆ ತೊಡಿಸಿ, ಸಿಹಿ ತಿನ್ನಲು ಕೊಡಿ. ಹತ್ತಿ ಬಟ್ಟೆ ಒಂದೂ ಬೇಡ, ಬೈರಾಸು ಕೂಡ ಬೇಡ, ನೆನೆದರೆ ಅದು ಒಣಗುವುದೇ ಇಲ್ಲ. ರಾತ್ರಿ ಮಲಗುವ ಬಟ್ಟೆ ಮತ್ತು ಸ್ಲೀಪಿಂಗ್ ಬ್ಯಾಗನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಡಿ, ಹಗಲು ಎಷ್ಟೇ ಚಳಿಯಾದರೂ ಅದನ್ನು ಹಾಕಿಕೊಂಡು ನಡೆಯಬೇಡಿ.

ಮೇ, ಜೂನ್‌ನಲ್ಲಿ ಕಪ್ಪು ನೊಣ, ಜುಲೈವರೆಗೂ ಸೊಳ್ಳೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಹೋಗುವುದು ಒಳ್ಳೆಯದು. ಉಣುಗು ಮಾತ್ರ ಆಗಲೂ ಇರುತ್ತದೆ, ಅದರಿಂದ ಲೈಮ್ ಕಾಯಿಲೆ ಬರಬಹುದು. ದಿನಾ ಸಂಜೆ ಮೈಯೆಲ್ಲ ನೋಡಿಕೊಳ್ಳಿ.

ಇನ್ನು ತೊರೆಗಳು. ಬಿಗ್ ವಿಲ್ಸನ್, ಲಾಂಗ್ ಪಾಂಡ್ ತೊರೆಗಳಿಗೆ ಸೇತುವೆ ಇಲ್ಲ, ಇಳಿದೇ ದಾಟಬೇಕು. ನಮ್ಮಲ್ಲಿ ಹೊಳೆ ಕೆಂಪಾದರೆ ಇಳಿಯಬಾರದು ಅಂತ ಮಕ್ಕಳಿಗೂ ಗೊತ್ತು. ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಜೌಗು ನೆಲದ ಎಲೆ, ಬೇರುಗಳ ಸಾರ ಇಳಿದು ಎಷ್ಟೋ ತೊರೆಗಳ ನೀರು ಮಳೆಯಿಲ್ಲದಾಗಲೂ ಕಣ್ಣಚಾಯದ ಬಣ್ಣ. ಆಳ ನೋಡಿ, ಸೆಳೆತ ನೋಡಿ. ಮೊಣಕಾಲು ದಾಟಿ ಬರುವ ನೀರು ಜೋರಾಗಿ ಎಳೆಯುತ್ತಿದ್ದರೆ ದಡದಲ್ಲೇ ಟೆಂಟ್ ಹಾಕಿ ಕಾಯಿರಿ, ಮಳೆ ನಿಂತರೆ ಮರುದಿನಕ್ಕೆ ಎಷ್ಟೋ ಇಳಿದಿರುತ್ತದೆ. ಇಳಿಯುವ ಮುಂಚೆ ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ. ಬಿದ್ದರೆ ಬ್ಯಾಗ್ ಹೋಗಲಿ, ನೀವು ಉಳಿಯಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಒಂದೊಂದೇ ಕಾಲು ಸರಿಸುತ್ತಾ ಹೋಗಿ.

ಊಟದ ಭಾರವೇ ಜಾಸ್ತಿ. ಒಬ್ಬರಿಗೆ ದಿನಕ್ಕೆ 700 ಗ್ರಾಂ ಒಣ ಆಹಾರ ಅಂತ ಹಿಡಿದರೂ ಹತ್ತು ದಿನಕ್ಕೆ 7 ಕಿಲೋ ಆಯಿತು. ಮಾನ್ಸನ್‌ನಲ್ಲಿ ದುಡ್ಡು ಕೊಟ್ಟರೆ ಅರ್ಧ ದಾರಿಗೆ, ಮಣ್ಣಿನ ರಸ್ತೆ ಸಿಗುವಲ್ಲಿಗೆ, ಊಟದ ಡಬ್ಬ ತಲುಪಿಸುತ್ತಾರೆ. ಮೊದಲ ಸಲ ಹೋಗುವವರು ದಯವಿಟ್ಟು ಇದನ್ನು ಮಾಡಿಸಿ. ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ನೆಲಗಡಲೆ ಚಿಕ್ಕಿ, ಖರ್ಜೂರ ನಂಬಬಹುದಾದ ಸಾಮಾನು. ಬಿಸಿನೀರು ಹಾಕಿದ ಅವಲಕ್ಕಿಗೆ ಒಂದು ಚಮಚ ತೆಂಗಿನೆಣ್ಣೆ ಬಿದ್ದರೆ ಹೊಟ್ಟೆ ತುಂಬ ಹೊತ್ತು ಗಟ್ಟಿ ಇರುತ್ತದೆ. ಎಣ್ಣೆಯನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ, ಆ ಚಳಿಗೆ ಹೆಪ್ಪುಗಟ್ಟಿ ಬಾಟಲಿಯಿಂದ ಬರುವುದೇ ಇಲ್ಲ. ಆದರೆ ಇದನ್ನೆಲ್ಲ ಊರಿಂದ ಹೊರಬೇಡಿ. ಭಾರತದಿಂದ ಅಕ್ಕಿ ತರಲು ಅಮೆರಿಕದವರು ಬಿಡುವುದಿಲ್ಲ, ಮಾಂಸ, ಹಣ್ಣು, ಬೀಜಗಳಿಗೂ ತಕರಾರು. ಬಾಸ್ಟನ್ ಕಡೆಯ ಇಂಡಿಯನ್ ಅಂಗಡಿಯಲ್ಲೇ ಕೊಳ್ಳಿ. ಒಲೆಯ ಗ್ಯಾಸ್ ಡಬ್ಬ ವಿಮಾನದಲ್ಲಿ ಒಯ್ಯುವ ಹಾಗೇ ಇಲ್ಲ, ಅದೂ ಅಲ್ಲೇ.

ಅಭ್ಯಾಸಕ್ಕೆ ಮಲ್ಪೆ ಮರಳಲ್ಲಿ ನಡೆದರೆ ಸಾಲದು, ಮಂಡಿಗೆ ಇಳಿಜಾರು ಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು 12 ಕಿಲೋ ಹೊತ್ತು ಕುಮಾರಪರ್ವತ ಹತ್ತಿಳಿಯಿರಿ. ಕುಮಾರಪರ್ವತ 1,712 ಮೀಟರ್, ಆ ದಾರಿಯ ವೈಟ್ ಕ್ಯಾಪ್ ಬೆಟ್ಟ 1,110 ಮೀಟರ್ ಆಸುಪಾಸು. ಅಷ್ಟೇನಾ ಅನ್ನಿಸುತ್ತದೆ. ಆದರೆ ವೈಟ್ ಕ್ಯಾಪ್ ಮುಗಿಯುವವರೆಗೂ ದಿನಾ ಹತ್ತುವುದು, ಇಳಿಯುವುದು, ಒದ್ದೆ ಬೇರು, ಪಾಚಿ ಹಿಡಿದ ಕಲ್ಲು. ಮೊದಲ ಮೂರು ದಿನ 12 ಕಿ.ಮೀ.ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಅದರಾಚೆ ಕೆರೆಗಳ ಬದಿಯ ದಾರಿ ತಗ್ಗು, ಅಲ್ಲಿ ದೂರ ಸರಿದೂಗಿಸಬಹುದು. ಮರದ ಮೇಲಿನ ಬಿಳಿ ಪಟ್ಟಿಯೇ ಮುಖ್ಯ ದಾರಿ, ನೀಲಿ ಪಟ್ಟಿ ಪಕ್ಕದ ದಾರಿ.

ಮೊಬೈಲ್ ಸಿಗ್ನಲ್ ನಂಬಬೇಡಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನವನ್ನು ಅಲ್ಲೇ ಬಾಡಿಗೆಗೆ ತಗೊಂಡು, ದಿನಕ್ಕೊಮ್ಮೆ ಮನೆಗೆ ತಿಳಿಸಿ. ವಾಪಸ್ ಬರುವ ಮುಂಚೆ ಅಲ್ಲೇ ಕೊಟ್ಟು ಬನ್ನಿ, ಅನುಮತಿ ಇಲ್ಲದೆ ಅದನ್ನು ಭಾರತಕ್ಕೆ ತಂದರೆ ವಿಮಾನ ನಿಲ್ದಾಣದಲ್ಲೇ ಕೇಸ್ ಆಗಬಹುದು.